ಯಂಕಣ್ಣ ಮಾಡಬ್ಯಾಡ

ಸುರಪುರ
೯ ಜೂನ್ ೨೦೨೪

ಅಬ್ದುಲ್ ಕರೀಮ ಸಾಹೇಬರಿಗೆ ಯಂಕಣ್ಣ ಮಾಡುವ ನಮಸ್ಕಾರ.

ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಫೋನ್ ನಂಬರು ನನ್ನ ಬಳಿ ಇಲ್ಲ, ಇದ್ದಿದ್ದರೂ ಹಚ್ಚುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಊರವರ ಪತ್ರಗಳಿಗೆ ಠಸ್ಸೆ ಹೊಡೆದವನು ನಾನು. ಜಗಳ ಆಡುವುದಕ್ಕೂ ನನಗೆ ಕಾಗದವೇ ಬೇಕು. ಕುಶಲ ಕೇಳುವುದಿಲ್ಲ. ನೀವು ಚೆನ್ನಾಗಿಯೇ ಇರುತ್ತೀರಿ. ಇನ್ನೊಬ್ಬರ ಮಾನ ತಿಂದವರಿಗೆ ಅಜೀರ್ಣ ಆದದ್ದನ್ನು ನಾನಂತೂ ನೋಡಿಲ್ಲ.

ಹೋದ ಗುರುವಾರ ಕಣ್ಣು ತೋರಿಸಲು ಶಹಾಪುರಕ್ಕೆ ಹೋಗಿದ್ದೆ. ಡಾಕ್ಟರು ಬರಲು ಇನ್ನೂ ಒಂದು ತಾಸು ಇತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಮಾಳಿಗೆಯಿಂದ ಬಾಲ್‌ಗೆ ಬಾಲ್ ಬಡಿಯುವ ಸದ್ದು ಕೇಳಿಸಿತು. ಆ ಸದ್ದು ಕೇಳಿದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ, ಅದು ನಿಮಗೂ ಗೊತ್ತು. ಮೆಟ್ಟಿಲು ಹತ್ತಿದೆ. ಮೂರು ಪೂಲ್ ಟೇಬಲ್, ಸುತ್ತ ಇಪ್ಪತ್ತು ಹುಡುಗರು. ಅಂಬರೀಶ ಎಂಬವನ ಅಂಗಡಿಯಂತೆ. ಒಬ್ಬ ಬಾಗಿ ಹೊಡೆಯುವಾಗ ಅವನ ಮುಂಗೈ ಪಕ್ಕದ ಬಾಲ್‌ಗೆ ತಾಗಿತು. ಅವನು ಏನೂ ಆಗದವನಂತೆ ಚಾಕ್ ತಿಕ್ಕುತ್ತ ನಿಂತ. ಎದುರು ಆಡುವವನು ಅಂದ: "ಲೇ, ಯಂಕಣ್ಣ ಮಾಡಬ್ಯಾಡ."

ಎಲ್ಲರೂ ನಕ್ಕರು. ಯಂಕಣ್ಣ ಮಾಡುವುದು ಎಂದರೇನಪ್ಪ ಎಂದು ನಾನು ಕೇಳಿದೆ. ಆ ಹುಡುಗ ಮರ್ಯಾದೆಯಿಂದಲೇ ಹೇಳಿದ: "ಮೊದ್ಲಿನ ಕಾಲದ ಮುದುಕ್ರಿ ಯಾರೋ. ಸತ್ತಾನಂತ. ಕೈ ಹತ್ತಿದ್ರೂ ಹತ್ತಿಲ್ಲ ಅಂತಿದ್ನಂತ್ರಿ."

ಸತ್ತ ಮುದುಕ ಕಣ್ಣು ತೋರಿಸದೆ ಸುರಪುರದ ಬಸ್ ಹತ್ತಿ ಮನೆಗೆ ಬಂದ.

ನೀವು ಮರೆತಿರಬಹುದು, ನಾನೇ ನೆನಪು ಮಾಡಿಕೊಡುತ್ತೇನೆ. ಯಾದಗಿರಿಯ ಆ ಹಳೇ ಕ್ಲಬ್ಬಿನಲ್ಲಿ ನಾವು ಇಪ್ಪತ್ತೆರಡು ವರ್ಷ ಆಡಿದೆವು. ಸೋತವನು ಟೇಬಲ್ ಬಾಡಿಗೆ ಕೊಟ್ಟು ಕೂತವರಿಗೆಲ್ಲ ಸುಸಲಾ ಮಿರ್ಚಿ ತಿನ್ನಿಸಬೇಕು, ಅಷ್ಟೇ ಪಂದ್ಯ. ಅಂಪೈರು ಇರಲಿಲ್ಲ. ಕೈಯೋ ಅಂಗಿಯೋ ಬಾಲ್‌ಗೆ ತಾಗಿದರೆ, ಯಾರೂ ನೋಡದಿದ್ದರೂ, ಆಡುವವನೇ "ಲಗ್ಯಾ" ಎಂದು ಹಿಂದೆ ಸರಿಯಬೇಕು. ಕೊನೆಯ ಕರಿ ಬಾಲ್ ಹೊಡೆಯುವಾಗ ತಾಗಿದರೆ ಆಟವೇ ಸೋತಂತೆ. ತಾಗಿತು ಎಂಬ ಅರ್ಥದ ನಿಮ್ಮ ಮನೆಯ ದಖನಿ ಮಾತು ನಮ್ಮೆಲ್ಲರ ಬಾಯಿಗೂ ಬಂತು. ಒಬ್ಬನ ಲಗ್ಯಾ ಇನ್ನೊಬ್ಬ ಹೇಳುವಂತಿರಲಿಲ್ಲ. ಹೇಳಿದರೆ ಅವನ ಮುಖಕ್ಕೆ ಉಗಿದಂತೆ.

ಎರಡು ಸಾವಿರದ ಹದಿಮೂರರಲ್ಲಿ ಒಬ್ಬ ಹತ್ತಿ ವ್ಯಾಪಾರಿ ಬಂದು, ನಮ್ಮ ಆಟದ ಮೇಲೆ ಮೊದಲ ಸಲ ಇಪ್ಪತ್ತು ಸಾವಿರ ಇಟ್ಟ. ನಿಮ್ಮ ಮೇಲೆ ಇಟ್ಟ. ನಾನು ಏಳನೇ ಬಾಲ್ ಹಾಕಿ ಕರಿ ಬಾಲ್‌ಗೆ ಬಂದಾಗ ನೀವು ನನ್ನತ್ತ ಬೆರಳು ಮಾಡಿ "ಲಗ್ಯಾ, ಯಂಕಣ್ಣ" ಅಂದಿರಿ. ನನ್ನ ತೋಳು ಯಾವ ಬಾಲ್‌ಗೂ ತಾಗಿರಲಿಲ್ಲ. ಅಂಗಿಯ ತೋಳು ಮೇಲಕ್ಕೆ ಮಡಚಿತ್ತು. ನಾನು ವಾದ ಮಾಡಲಿಲ್ಲ, ಸ್ಟಿಕ್ ಟೇಬಲ್ ಮೇಲಿಟ್ಟು ಹೊರಟು ಬಂದೆ. ನಿಮ್ಮ ಜೊತೆ ವಾದ ಮಾಡುವುದು ಸಣ್ಣತನ ಅನ್ನಿಸಿತ್ತು.

ನನಗೆ ಹಣ ಬೇಡ, ಗೆಲುವು ಬೇಡ. ನೀವು ಶಹಾಪುರದ ಆ ಅಂಗಡಿಗೆ ಹೋಗಿ, ಆ ಹುಡುಗರ ಮುಂದೆ, ಅವತ್ತು ಯಂಕಣ್ಣನ ಕೈ ತಾಗಿರಲಿಲ್ಲ ಎಂದು ಒಂದೇ ಒಂದು ಸಲ ಹೇಳಬೇಕು.

ಇಂತಿ,
ಬದುಕಿರುವ ಯಂಕಣ್ಣ


ಯಾದಗಿರಿ
೨೭ ಜೂನ್ ೨೦೨೪

ಯಂಕಣ್ಣಾ,

ಹನ್ನೊಂದು ವರ್ಷದಲ್ಲಿ ನನ್ನನ್ನು ಸಾಹೇಬ ಮಾಡಿಬಿಟ್ಟೆಯಲ್ಲೋ. ನಿನ್ನ ಕಾಗದ ಓದಿ ಇಮಾಮಬೀಗೆ ಹೇಳಿದೆ, ನೋಡು, ನಿನ್ನ ಗಂಡನಿಗೆ ಸುರಪುರದಿಂದ ಬಹುವಚನ ಬಂದಿದೆ ಎಂದು. ಅವಳು ನಿನ್ನ ಹೆಂಡತಿ ಅಮೃತಮ್ಮ ವೈನಿಯ ಆರೋಗ್ಯ ಕೇಳಲು ಹೇಳಿದ್ದಾಳೆ. ಕೇಳಿದ್ದೇನೆ.

ಈಗ ನಿನ್ನ ವಿಷಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾವುದೋ ಹುಡುಗ ಯಂಕಣ್ಣ ಅಂದ, ನೀನು ಬಸ್ ಹತ್ತಿ ಓಡಿದೆ. ಅವತ್ತೂ ಓಡಿದೆ. ಕೈ ತಾಗದವನು ಓಡುತ್ತಾನೇನು? ನಿಂತು ನನ್ನ ಕೊರಳಪಟ್ಟಿ ಹಿಡಿಯುತ್ತಾನೆ. ನೀನು ಅಂಚೆ ಕಚೇರಿಯ ಬಾಗಿಲು ಹಾಕುವ ಹೊತ್ತಾಯಿತು ಎನ್ನುವಂತೆ ಸ್ಟಿಕ್ ಇಟ್ಟು ಹೋದೆ. ಕೂತಿದ್ದ ಮೂವತ್ತು ಜನ ನಿನ್ನ ಬೆನ್ನು ನೋಡಿದರು. ನಾನು ಹೇಳಿದ್ದು ಒಂದೇ ಮಾತು, ಉಳಿದದ್ದನ್ನು ಹೇಳಿದ್ದು ನಿನ್ನ ಬೆನ್ನು.

ಆ ಹುಡುಗರ ಮೇಲೆ ಸಿಟ್ಟಾಗಬೇಡ. ಅವರಿಗೆ ಲಗ್ಯಾ ಎಂದರೆ ಏನೆಂದೂ ಗೊತ್ತಿಲ್ಲ. ನನಗೆ ಮೂರು ತಿಂಗಳಿಗೊಮ್ಮೆ ಅಲ್ಲಿಗೆ ಹೋಗುವ ಕೆಲಸ. ಮೊದಲಿನ ಹಾಗೆಯೇ ಟೇಬಲ್‌ಗಳಿಗೆ ಹಸಿರು ಬನಾತಿನ ಬಟ್ಟೆ ಬಿಗಿಯುತ್ತೇನೆ. ಅಲ್ಲಿ ಆಟ ನೋಡುವವರು ಅಂಗಡಿಯಲ್ಲಿ ಇರುವುದಿಲ್ಲ. ಫೋನನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಗಿಸಿ ಬಿಡುತ್ತಾರೆ. ಎಲ್ಲೆಲ್ಲೋ ಕೂತವರು ಒಂದೊಂದು ಬಾಲ್ ಮೇಲೆ ಹಣ ಹಾಕುತ್ತಾರೆ. ಯಾರು ಗೆಲ್ಲುತ್ತಾರೆ ಎಂಬುದರ ಮೇಲಷ್ಟೇ ಅಲ್ಲ. ಇವನು ಎಷ್ಟನೇ ಬಾಲ್ ತಪ್ಪುತ್ತಾನೆ, ಯಾರು ಮೊದಲು ಫೌಲ್ ಮಾಡುತ್ತಾರೆ, ಎಲ್ಲದಕ್ಕೂ ಒಂದಕ್ಕೆ ಇಷ್ಟು ಎಂಬ ಭಾವ ಇದೆ. ಹುಡುಗರು ಆಟ ಕಲಿಯುವ ಮೊದಲು ತಪ್ಪುವುದನ್ನು ಕಲಿಯುತ್ತಾರೆ. ಅಂಥವರ ನಡುವೆ ನಿನ್ನ ಹೆಸರು ಉಳಿದಿದೆ ಎಂದರೆ ಅದು ನನ್ನ ಪುಣ್ಯ. ನನ್ನ ಹೆಸರಂತೂ ಯಾರಿಗೂ ಗೊತ್ತಿಲ್ಲ, ಬನಾತು ಚಾಚಾ ಅನ್ನುತ್ತಾರೆ.

ನಾನು ನೋಡಿದ್ದನ್ನು ಹೇಳಿದೆ. ವಾಪಸು ತೆಗೆದುಕೊಳ್ಳುವುದಿಲ್ಲ.

ನಿನ್ನ
ಕರೀಮ


ಸುರಪುರ
೧೫ ಜುಲೈ ೨೦೨೪

ಕರೀಮ,

ನಿನಗೆ ಬಹುವಚನ ದಂಡ. ಸಾಹೇಬ ಎಂದು ಬರೆದದ್ದಕ್ಕೆ ನನ್ನ ಕೈಗೇ ನಾಚಿಕೆ ಆಯಿತು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಗಿಸಲು ಬರೆದಿದ್ದೀಯ, ಅಮೃತಮ್ಮ ನಕ್ಕಳು ಕೂಡ. ಆಮೇಲೆ ನನ್ನ ಮುಖ ನೋಡಿ ಒಳಗೆ ಹೋದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಅಡಿಕೆಗೂ ಹೋಗಲಿಲ್ಲ, ನಿನ್ನ ಎರಡು ಪದಕ್ಕೆ ಹೋಯಿತು. ಕಕ್ಕೇರಾದಿಂದ ಹಿಡಿದು ವಡಗೇರಾದವರೆಗೆ ಎಷ್ಟೋ ಮುದುಕಿಯರ ಮನಿಯಾರ್ಡರ್ ನನ್ನ ಕೈಯಲ್ಲಿ ಹಾದು ಹೋಗಿದೆ. ಒಂದು ಪೈಸೆ ಹೆಚ್ಚುಕಡಿಮೆ ಆಗಿಲ್ಲ. ಅದಕ್ಕೆ ಯಾರೂ ಯಂಕಣ್ಣ ಮಾಡುವುದು ಎಂದು ಹೆಸರಿಡಲಿಲ್ಲ. ನಾನು ಹೋದ ಮೇಲೆ ಮೋಸಕ್ಕೆ ನನ್ನ ಹೆಸರು ಇರುತ್ತದೆ. ನನಗೆ ಅರವತ್ತೇಳು. ಇದನ್ನು ತೊಳೆದುಕೊಳ್ಳದೆ ನಾನು ಸಾಯಲಾರೆ. ಸಿಟ್ಟಿನಿಂದ ಬರೆದದ್ದಲ್ಲ ಇದು.

ನೀನು ನೋಡಿದ್ದನ್ನು ಹೇಳಿದೆ ಅನ್ನುತ್ತೀಯ. ನಾನು ಅದನ್ನೇ ಇಷ್ಟು ವರ್ಷ ಯೋಚಿಸುತ್ತಿದ್ದೇನೆ. ನೀನು ಬಾಯಿಬಡುಕ, ಜಗಳಗಂಟ, ಸೋತ ದಿನ ಮಿರ್ಚಿ ತರುವಾಗ ನಾಲ್ಕು ಕಡಿಮೆ ತರುತ್ತಿದ್ದವನು. ಆದರೆ ನಿನ್ನ ಲಗ್ಯಾ ಯಾವತ್ತೂ ನೀನು ನುಂಗಿದವನಲ್ಲ. ಒಮ್ಮೆ ನಿನ್ನ ಲುಂಗಿಯ ಅಂಚು ತಾಗಿದ್ದಕ್ಕೆ ಗೆದ್ದ ಆಟ ಬಿಟ್ಟಿದ್ದೆ, ನಾವು ಯಾರೂ ಅದನ್ನು ನೋಡಿರಲಿಲ್ಲ. ಅಂಥವನು ನನ್ನ ಮೇಲೆ ಸುಳ್ಳು ಹೇಳಿದ ಎಂದು ನನಗೆ ನಂಬಲು ಆಗುವುದಿಲ್ಲ. ನಿನ್ನ ಕಣ್ಣು ತಪ್ಪಿತು ಎಂದುಕೊಂಡಿದ್ದೇನೆ. ನೆರಳು ನೋಡಿರಬೇಕು ನೀನು.

ಕಣ್ಣು ತಪ್ಪಿತು ಅನ್ನು, ಸಾಕು. ಏನು ಮಾಡಿದರೆ ಅನ್ನುತ್ತೀಯ, ಅದನ್ನು ಹೇಳು.

ಯಂಕಣ್ಣ


ಯಾದಗಿರಿ
೨೦ ಆಗಸ್ಟ್ ೨೦೨೪

ಯಂಕಣ್ಣಾ,

ತಡವಾಯಿತು. ನಿನ್ನ ಪ್ರಶ್ನೆಗೆ ಉತ್ತರ ಸಿಗುವವರೆಗೆ ಬರೆಯಬಾರದು ಎಂದುಕೊಂಡೆ. ಈಗ ಸಿಕ್ಕಿದೆ.

ಅಂಬರೀಶನಿಗೆ ನಿನ್ನ ಕಾಗದದ ವಿಷಯ ಹೇಳಿದೆ. ಯಂಕಣ್ಣ ಎಂಬ ಮನುಷ್ಯ ಖರೇ ಇದ್ದಾನೆಯೇ ಎಂದು ಅವನಿಗೆ ಆಶ್ಚರ್ಯ. ಅಕ್ಟೋಬರ್ ಆರು, ಆದಿತ್ಯವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮಿಬ್ಬರ ಆಟ ಇಡುತ್ತಾನಂತೆ. ಒಂಬತ್ತು ಆಟ, ಐದು ಗೆದ್ದವನು ಗೆದ್ದ ಹಾಗೆ. ಫೋನಿನಲ್ಲಿ ತೋರಿಸುತ್ತಾರೆ. ಹಣ ಹಾಕುವವರು ಹಾಕಿಕೊಳ್ಳಲಿ, ನಮಗೇನು. ಆದರೆ ಅಂಪೈರು ಬೇಡ, ಹಳೇ ಕಾಯಿದೆಯಲ್ಲೇ ಆಡುತ್ತೇವೆ ಎಂದೆ. ಅವನು ಒಪ್ಪಿದ. ಮುದುಕರ ಕಾಯಿದೆಗೆ ನೋಡುವವರು ಹೆಚ್ಚಾಗುತ್ತಾರೆ ಅಂದ.

ಇನ್ನು ನೀನು ಕೇಳಿದ್ದು. ನಿನ್ನ ತೋಳು ಅವತ್ತು ತಾಗಿತೋ ಇಲ್ಲವೋ ಎಂಬುದನ್ನು ಈಗ ಯಾರೂ ಸಾಬೀತು ಮಾಡಲಾರರು. ನಾನು ಹೇಳಿದೆ ಎಂದು ಹುಡುಗರು ಬಾಯಿ ಮುಚ್ಚುವುದಿಲ್ಲ. ಅವರು ಕಣ್ಣಾರೆ ನೋಡಬೇಕು. ಗೆಲ್ಲುವ ಆಟದಲ್ಲಿ, ಕರಿ ಬಾಲ್ ಬಿದ್ದ ಮೇಲೆ, ಯಾರೂ ನೋಡದ ಒಂದು ತಪ್ಪಿಗೆ ತಾನೇ ಲಗ್ಯಾ ಎಂದು ಹಿಂದೆ ಸರಿಯುವ ಮನುಷ್ಯನನ್ನು ಅವರು ಹುಟ್ಟಿದಾಗಿನಿಂದ ನೋಡಿಲ್ಲ. ಅಂಥವನನ್ನು ನೋಡಿದರೆ ಯಂಕಣ್ಣ ಮಾಡುವುದು ಎಂಬ ಮಾತಿನ ಅರ್ಥವೇ ತಿರುಗಿ ಬೀಳುತ್ತದೆ. ಆಗ ನಾನೂ ಅವರ ಮುಂದೆ ಕೈ ಜೋಡಿಸಿ, ನನ್ನ ಕಣ್ಣು ತಪ್ಪಿತ್ತು, ಈ ಮನುಷ್ಯ ನುಂಗುವವನಲ್ಲ ಎನ್ನುತ್ತೇನೆ. ಇದು ನನ್ನ ಮಾತು.

ನಾನು ಹೀಗೆ ಮಾಡು ಎಂದು ಹೇಳುತ್ತಿಲ್ಲ. ಏನು ಮಾಡಿದರೆ ಎಂದು ಕೇಳಿದೆ, ಅದಕ್ಕೆ ಹೇಳಿದೆ. ಇಮಾಮಬೀ ನಿನಗೆ ಉಪ್ಪಿನಕಾಯಿ ಕಳಿಸುತ್ತಾಳಂತೆ.

ನಿನ್ನ
ಕರೀಮ


ಸುರಪುರ
೧ ಸೆಪ್ಟೆಂಬರ್ ೨೦೨೪

ಕರೀಮ,

ಬರುತ್ತೇನೆ.

ನನ್ನ ಮೇಲೆ ನಾನು ಒಂದು ರೂಪಾಯಿ ಹಾಕುವುದಿಲ್ಲ, ಅಂಬರೀಶ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಅರ್ಧ ತೋಳಿನ ಅಂಗಿ ಹಾಕಿಕೊಂಡು ಬರುತ್ತೇನೆ, ಅಂಗಿಯ ಮಾತೇ ಬರಬಾರದು. ಇಲ್ಲಿ ಟೇಬಲ್ ಇಲ್ಲ. ಅಮೃತಮ್ಮನ ರೊಟ್ಟಿ ಲಟ್ಟಿಸುವ ಹಲಗೆಯ ಮೇಲೆ ನಿಂಬೆಹಣ್ಣು ಇಟ್ಟು ಕೈ ಪಳಗಿಸುತ್ತಿದ್ದೇನೆ. ಮುದುಕನಿಗೆ ಮರುಳು ಎಂದು ಬೈಯುತ್ತಾಳೆ, ಆಮೇಲೆ ಉರುಳಿದ ನಿಂಬೆಹಣ್ಣನ್ನು ಅವಳೇ ಹುಡುಕಿ ಕೊಡುತ್ತಾಳೆ.

ನಿನ್ನ ಮಾತಿನ ಮೇಲೆ ಬರುತ್ತಿದ್ದೇನೆ. ಬೇರೆ ಯಾರು ಹೇಳಿದ್ದರೂ ಬರುತ್ತಿರಲಿಲ್ಲ.

ಯಂಕಣ್ಣ


ಸುರಪುರ
೯ ಅಕ್ಟೋಬರ್ ೨೦೨೪

ಕರೀಮ,

ಆದಿತ್ಯವಾರ ನೀನು ನನ್ನ ಜೊತೆ ಮಾತಾಡದೆ ಹೊರಟೆ. ಅಷ್ಟು ಗದ್ದಲದಲ್ಲಿ ಆಗಲಿಲ್ಲವೇನೋ. ಆದರೆ ಒಂದು ಮಾತು ನಿನಗೊಬ್ಬನಿಗೇ ಹೇಳಬೇಕು. ಅದನ್ನು ಹೇಳದೆ ಮೂರು ರಾತ್ರಿ ನಿದ್ದೆ ಬಂದಿಲ್ಲ.

ನಿನ್ನ ಕೈ ಇನ್ನೂ ಚೆನ್ನಾಗಿದೆ. ಮೂರು ಆಟ ಹಿಂದೆ ಬಿದ್ದವನು ನಾನು, ನಾಲ್ಕು-ನಾಲ್ಕಕ್ಕೆ ಹೇಗೆ ಬಂದೆನೋ ನನಗೇ ಗೊತ್ತಾಗಲಿಲ್ಲ. ಆರನೇ ಆಟದಲ್ಲಿ ನೀನು ಪಾಕೆಟ್‌ನ ಬಾಗಿಲಿಗೆ ಬಂದ ಬಾಲ್ ಬಿಟ್ಟೆ. ದಣಿದಿದ್ದೀಯ ಎಂದುಕೊಂಡೆ. ಹುಡುಗರು ಒಂದೊಂದು ಹೊಡೆತಕ್ಕೂ ಫೋನ್ ಒತ್ತುತ್ತಿದ್ದರು, ಟೇಬಲ್ ನೋಡುವವನು ಒಬ್ಬನೂ ಇರಲಿಲ್ಲ. ಕೊನೆಯ ಆಟದಲ್ಲಿ ನನ್ನ ಏಳೂ ಮುಗಿದವು. ನಿನ್ನದೊಂದು ಹಳದಿ ಬಾಲ್ ನನ್ನ ತೋಳ ಕೆಳಗೇ ಇತ್ತು. ಅದರ ಮೇಲಿಂದ ಕೈ ಚಾಚಿ ಹೊಡೆದೆ. ಕರಿ ಬಾಲ್ ಮೂಲೆಯ ಪಾಕೆಟ್‌ಗೆ ಸದ್ದಿಲ್ಲದೆ ಇಳಿಯಿತು. ಅಂಥ ಹೊಡೆತ ನಾನು ಜನ್ಮದಲ್ಲಿ ಹೊಡೆದಿಲ್ಲ. ಹುಡುಗರು ಕೂಗಿದರು. ಯಾರೋ ನನ್ನ ಬೆನ್ನು ತಟ್ಟಿದರು.

ನಾನು ಸ್ಟಿಕ್ ಕೆಳಗಿಟ್ಟು "ಲಗ್ಯಾ" ಅಂದೆ. ಯಾರಿಗೂ ತಿಳಿಯಲಿಲ್ಲ. "ನನ್ನ ತೋಳ ಹಳದಿಗೆ ಹತ್ತೇದ. ಕರೀಮ ಗೆದ್ದಾನ," ಅಂದೆ. ಆಗ ತಿಳಿಯಿತು.

ಕರೀಮ, ನನ್ನ ತೋಳು ತಾಗಿರಲಿಲ್ಲ.

ನನ್ನ ಬದುಕಿನಲ್ಲಿ ನಾನು ಹೇಳಿದ ಒಂದೇ ಸುಳ್ಳು ಲಗ್ಯಾ ಅದು. ತಾಗಲಿ ಎಂದು ಆಟ ಪೂರ್ತಿ ಕಾದೆ. ತಾಗಲಿಲ್ಲ. ಕೈ ಅಷ್ಟು ನೆಟ್ಟಗೆ ಹೋಗುತ್ತಿತ್ತು. ಹೇಳದಿದ್ದರೆ ಗೆದ್ದ ಕಳ್ಳ ಆಗಿಯೇ ಉಳಿಯುತ್ತಿದ್ದೆ. ಹೆಸರು ತೊಳೆಯಲು ಒಂದು ಸುಳ್ಳು ಹೇಳಬೇಕಾಯಿತು. ನಗಬೇಡ.

ಈಗ ನಿನ್ನ ಸರದಿ. ಆ ಹುಡುಗರ ಮುಂದೆ ನೀನು ಹೇಳಬೇಕಾದ್ದು ಬಾಕಿ ಇದೆ. ನಾನು ಕಾಯುತ್ತಿರುತ್ತೇನೆ.

ಯಂಕಣ್ಣ


ಸುರಪುರ
೨ ನವೆಂಬರ್ ೨೦೨೪

ಕರೀಮಣ್ಣನವರಿಗೆ,

ಇದು ಅಮೃತಮ್ಮ ಬರೆಯುವ ಕಾಗದ. ಹೇಳುವವರು ಅವರು, ಅಕ್ಷರ ನನ್ನವು. ಏಳನೇ ಇಯತ್ತೆ ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ. ಯಾಕೆ ನಾನು ಬರೆಯುತ್ತಿದ್ದೇನೆ ಎಂಬುದನ್ನು ಮೊದಲು ಹೇಳಬೇಡ ಎಂದಿದ್ದಾರೆ. ನಾನು ಅದನ್ನೇ ಮೊದಲು ಹೇಳುತ್ತೇನೆ. ಶಹಾಪುರದ ಆ ಅಂಗಡಿಯಲ್ಲಿ ಅವರ ಬಲಗೈ ಮುರಿದು ಕಳಿಸಿದ್ದಾರೆ.

ನಿಮ್ಮಿಂದ ಉತ್ತರ ಬರಲಿಲ್ಲ ಎಂದು ಅವರು ಹೋದ ತಿಂಗಳು ಇಪ್ಪತ್ತಕ್ಕೆ ಶಹಾಪುರಕ್ಕೆ ಹೋದರು. ನೀವು ಬಂದು ಹೇಳಿ ಹೋದಿರೇನೋ, ಹುಡುಗರ ಮಾತು ಬದಲಾಗಿದೆಯೇನೋ ಎಂದು ನೋಡುವ ಆಸೆ. ಬದಲಾಗಿತ್ತು. ಆ ಹೊಡೆತವನ್ನು ಫೋನಿನಲ್ಲಿ ನಿಧಾನ ಮಾಡಿ ಎಲ್ಲರೂ ನೋಡಿದ್ದರು. ತೋಳಿಗೂ ಹಳದಿ ಬಾಲ್‌ಗೂ ನಡುವೆ ಎರಡು ಬೆರಳು ಜಾಗ ಇದೆಯಂತೆ. ತಾಗದೆ ತಾಗಿತು ಅನ್ನುವವನು ಯಾರು? ಹಣ ತಿಂದವನು. ಈಗ ಹಣ ತಿಂದು ಸೋಲುವುದಕ್ಕೆ ಯಂಕಣ್ಣ ಮಾಡುವುದು ಅನ್ನುತ್ತಾರೆ. ಮೊದಲಿನ ಅರ್ಥವೂ ಇದೆ, ಇದೂ ಸೇರಿದೆ.

ಇವರ ಮೇಲೆ ಹಣ ಹಾಕಿ ಕಳೆದುಕೊಂಡ ಮೂವರು ಅಲ್ಲಿದ್ದರು. ಒಬ್ಬ ಬಾಗಿಲು ಹಾಕಿದ, ಇಬ್ಬರು ಹಿಡಿದುಕೊಂಡರು. ಕೈಯನ್ನು ಟೇಬಲ್ ಮೇಲೆ ಚಾಚಿಸಿದರು. ಅಷ್ಟರಲ್ಲಿ ಅಂಬರೀಶ ಬಂದ, ಬಿಡಿಸುತ್ತಾನೆ ಎಂದುಕೊಂಡರಂತೆ ಇವರು. ಅವನು ಕೈ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದ. "ಬನಾತ ಹೊಸಾದು ಐತಿ," ಅಂದನಂತೆ. ಆಮೇಲೆ ಸ್ಟಿಕ್ಕಿನ ದಪ್ಪ ತುದಿಯಿಂದ ಹೊಡೆದರು. ಮಣಿಕಟ್ಟು, ಮೂರು ಬೆರಳು. ಆಸ್ಪತ್ರೆಯಲ್ಲಿ ಇವರು ಅಂಗಡಿಯ ಶಟರ್ ಬಿತ್ತು ಅಂದರು. ಪೊಲೀಸರಿಗೆ ಹೇಳಿದರೆ ಜೂಜಿನ ಆಟ ಆಡಿದವನು ನಾನೂ ಆಗುತ್ತೇನೆ ಎಂಬ ಭಯ.

ಇನ್ನು ಅವರು ಹೇಳಿದ್ದು: ಕರೀಮ, ಕೈ ಹೋಯಿತು, ಅದರ ಚಿಂತೆ ಇಲ್ಲ. ಹೇಗೂ ಮತ್ತೆ ಆಡುವವನಿರಲಿಲ್ಲ. ನಾನು ಹಣ ತಿಂದಿಲ್ಲ ಎಂಬುದು ನಿನಗೆ ಗೊತ್ತಿದೆ. ಒಂದು ಸಲ ಶಹಾಪುರಕ್ಕೆ ಹೋಗಿ ಹೇಳಿ ಬಾ. ನೀನು ಹೇಳಿದರೆ ನಂಬುತ್ತಾರೆ.

ಇದು ನನ್ನ ಮಾತು: ಅವರಿಗೆ ಈಗ ನಾನೇ ಅಂಗಿಯ ಗುಂಡಿ ಹಾಕಬೇಕು. ತುತ್ತು ಮಾಡಿ ಕೊಟ್ಟರೆ ನಾಚಿಕೊಂಡು ಗೋಡೆ ಕಡೆ ತಿರುಗಿ ತಿನ್ನುತ್ತಾರೆ. ನೀವು ಅಣ್ಣ ಅನ್ನಿಸಿಕೊಂಡವರು. ಬೇಗ ಹೋಗಿ.

ಅಮೃತಮ್ಮ


ಯಾದಗಿರಿ
೨೪ ಡಿಸೆಂಬರ್ ೨೦೨೪

ಯಂಕಣ್ಣಾ,

ವೈನಿಯ ಕಾಗದವನ್ನು ಇಮಾಮಬೀ ನನಗಿಂತ ಮೊದಲು ಓದಿದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಊಟ ಇಡುತ್ತಾಳೆ, ತಾಟು ತೆಗೆಯುತ್ತಾಳೆ. ಹೋದ ವಾರ ಒಂದೇ ಮಾತು ಅಂದಳು: "ಬರದ್ ಕಳಸ್ರಿ, ಇಲ್ಲಾಂದ್ರ ನಾ ಗೋಗಿಗೆ ನನ್ನ ತವರಿಗೆ ಹೋಗ್ತೇನಿ." ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಒಳ್ಳೆಯತನ ಎಂದು ತಿಳಿಯಬೇಡ.

ಆ ಹೊಸ ಬನಾತು ಬಿಗಿದವನು ನಾನೇ. ಆಟದ ಹಿಂದಿನ ದಿನ.

ಆಗಸ್ಟಿನಲ್ಲಿ ನಿನಗೆ ಕಾಗದ ಬರೆಯುವಾಗ ಅಂಬರೀಶ ನನ್ನ ಪಕ್ಕದಲ್ಲಿ ಕೂತಿದ್ದ. ಜುಲೈನ ನಿನ್ನ ಕಾಗದ ಅವನಿಗೆ ಓದಿ ತೋರಿಸಿದ್ದೆ. ಅವನು ಪೂರ್ತಿ ಕೇಳಿ, "ಚಾಚಾ, ಈ ಮುದುಕ ಹೆಸರಿನ ಸಲುವಾಗಿ ಗೆದ್ದ ಆಟ ಬಿಡ್ತಾನೇನು?" ಅಂದ. ಬಿಡುತ್ತಾನೆ, ನಾನು ಹೇಳಿದರೆ ಬಿಡುತ್ತಾನೆ ಅಂದೆ. ಕೊನೆಯ ಬಾಲ್‌ನಲ್ಲಿ ಯಂಕಣ್ಣನ ಫೌಲ್ ಎಂಬುದಕ್ಕೆ ಒಂದಕ್ಕೆ ಹದಿನೆಂಟು ಭಾವ ಇತ್ತು, ಯಾರೂ ಹಾಕುವವರಿರಲಿಲ್ಲ. ಅಂಬರೀಶ ಬೇರೆ ಬೇರೆ ಹೆಸರಿನಲ್ಲಿ ಹಾಕಿಸಿದ. ನಾಲ್ಕು-ನಾಲ್ಕು ಆಗುವಂತೆ ನಾನು ಬಾಲ್ ಬಿಟ್ಟೆ. ನನಗೆ ನಲವತ್ತು ಸಾವಿರ ಬಂತು, ಮೂರು ಟೇಬಲ್‌ಗಳ ಬನಾತಿನ ಕೆಲಸ ಎರಡು ವರ್ಷಕ್ಕೆ ಬಂತು. ನಿನ್ನ ಕೈಗೆ ಪೆಟ್ಟಾಗುತ್ತದೆ ಎಂದು ನಾನು ಯೋಚಿಸಲಿಲ್ಲ. ಖರೇ ಹೇಳಬೇಕೆಂದರೆ, ನಿನ್ನ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ.

ಇನ್ನೂ ಇದೆ. ಹದಿಮೂರರಲ್ಲಿ ನಿನ್ನ ತೋಳು ತಾಗಿರಲಿಲ್ಲ. ಅಂಗಿ ಮಡಚಿತ್ತು, ಬಾಲ್ ಒಂದು ಗೇಣು ದೂರ ಇತ್ತು. ನನ್ನ ಕಣ್ಣು ತಪ್ಪಿರಲಿಲ್ಲ. ಆ ವ್ಯಾಪಾರಿ ಗೆದ್ದರೆ ಐದು ಸಾವಿರ ಕೊಡುತ್ತೇನೆ ಎಂದಿದ್ದ. ನೀನು ಕರಿ ಬಾಲ್‌ಗೆ ಬಂದಿದ್ದೆ, ನೀನು ತಪ್ಪುವವನಲ್ಲ. ಬಾಯಿಗೆ ಬಂತು, ಅಂದುಬಿಟ್ಟೆ. ನೀನು ಎದುರು ನಿಂತು ಬೈದಿದ್ದರೆ ಅವತ್ತೇ ನಕ್ಕು ಒಪ್ಪಿಕೊಳ್ಳುತ್ತಿದ್ದೆನೇನೋ. ಹೋಗಿಬಿಟ್ಟೆ. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳುತ್ತ ಹೋದೆ, ಹೇಳಿ ಹೇಳಿ ಅದು ಗಟ್ಟಿಯಾಯಿತು.

ಶಹಾಪುರಕ್ಕೆ ಹೋಗಿ ಹೇಳಲಾರೆ. ಹೇಳಿದರೆ ಆ ಪ್ಲಾಸ್ಟಿಕ್ ಹಾಳೆ ನನ್ನ ಕೈ ಕೆಳಗೂ ಬರುತ್ತದೆ, ನನ್ನ ಹೊಟ್ಟೆ ಈ ಕೈಯಿಂದಲೇ ನಡೆಯಬೇಕು. ಈ ಕಾಗದವನ್ನು ನಿನ್ನ ಮನೆಯೊಳಗೇ ಓದಿಕೊ. ನೀನು ನುಂಗಿದವನಲ್ಲ, ನಿನ್ನ ಬದುಕಿನಲ್ಲಿ ಒಂದು ಲಗ್ಯಾ ಕೂಡ ನುಂಗಿದವನಲ್ಲ. ಅದು ನಿನಗೆ ಗೊತ್ತಾದರೆ ಸಾಲದೇ? ಮಾಫಿ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಕರೀಮ


ಸುರಪುರ
೧೨ ಜನವರಿ ೨೦೨೫

ಅಬ್ದುಲ್ ಕರೀಮ ಅವರಿಗೆ,

ಅಣ್ಣ ಎಂದು ಬರೆಯಲು ಕೈ ಬರಲಿಲ್ಲ.

ನಿಮ್ಮ ಕಾಗದ ಬಂದ ದಿನ ನಾನೇ ಒಡೆದೆ. ಮೊದಲು ಮನಸ್ಸಿನಲ್ಲಿ ಓದಿಕೊಂಡೆ. ಒಲೆಗೆ ಹಾಕೋಣ ಅನ್ನಿಸಿತು. ಆಮೇಲೆ, ಇದರಲ್ಲಿ ಎಷ್ಟೇ ವಿಷ ಇದ್ದರೂ ಒಂದು ಮಾತು ಅವರು ಹನ್ನೊಂದು ವರ್ಷ ಕಾದ ಮಾತು, ಅದು ಅವರಿಗೆ ಸಿಗಲಿ ಎಂದುಕೊಂಡೆ. ಊಟ ಆದ ಮೇಲೆ ಅಂಗಳದಲ್ಲಿ ಕೂಡಿಸಿ ಪೂರ್ತಿ ಓದಿದೆ. ಒಂದು ಅಕ್ಷರ ಬಿಡಲಿಲ್ಲ.

ಅವರು ಇನ್ನೊಮ್ಮೆ ಓದು ಅಂದರು. ಓದಿದೆ. ಹದಿಮೂರರ ವಿಷಯ ಇರುವಷ್ಟನ್ನು ಮೂರನೇ ಸಲ ಓದಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಳುತ್ತಾರೆ, ಇಲ್ಲವೇ ನಿಮ್ಮನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮುಗುಳ್ನಕ್ಕರು.

"ಅಂವ ನನಗ ಸಮಾಧಾನ ಆಗ್ಲಿ ಅಂತ ಬರದಾನ," ಅಂದರು. "ಕೈ ಮುರದದ್ದು ಕೇಳಿ ಮರಗ್ಯಾನ. ಅಂಬರೀಶನ ರೊಕ್ಕ ತಿಂದಿರಬೌದು, ಬಡವ ಅದಾನ. ಆದ್ರ ಲಗ್ಯಾದಾಗ ಕರೀಮ ಸುಳ್ಳ ಹೇಳೂ ಮನಶ್ಯಾ ಅಲ್ಲ. ಅವತ್ತ ಅಂವ ಅಂದದ್ದೇ ಖರೇ ಇರಬೇಕು. ನನ್ನ ತೋಳ ಹತ್ತಿರಬೇಕು, ನನಗ ಗೊತ್ತಾಗಿಲ್ಲ."

ನಾನು ಅವರ ಜೊತೆ ಜಗಳ ಆಡಿದೆ. ಅಂಗಿ ಮಡಚಿತ್ತು ಎಂದು ನೀವೇ ಹೇಳುತ್ತಿದ್ದಿರಲ್ಲ ಅಂದೆ. ಮಡಚಿದ್ದು ಬಿಚ್ಚಿರಬೇಕು ಅಂದರು. ಕರೀಮ ಅವರೇ ಬರೆದಿದ್ದಾರಲ್ಲ, ಒಂದು ಗೇಣು ದೂರ ಇತ್ತು ಎಂದು ಅಂದೆ. ಗೆಳೆಯನಿಗಾಗಿ ಒಂದು ಗೇಣು ಹೆಚ್ಚಿಗೆ ಬರೆಯುವುದು ದೊಡ್ಡದಲ್ಲ ಅಂದರು. ನಿಮ್ಮ ಕಾಗದವನ್ನು ಅವರ ಮುಖಕ್ಕೆ ಹಿಡಿದು, ಈ ಮನುಷ್ಯ ನಿಮ್ಮನ್ನು ಎರಡು ಸಲ ಮಾರಿದ್ದಾನೆ ಎಂದು ಕೂಗಿದೆ. ಅಕ್ಕಪಕ್ಕದವರು ಬಂದು ನೋಡಿದರು. ಅವರು ನನಗೇ ಸಮಾಧಾನ ಹೇಳಿದರು.

ಈಗ ಮನೆಗೆ ಬಂದವರಿಗೆ ಅವರೇ ಹೇಳುತ್ತಾರೆ, ಅವತ್ತು ನಾನು ನುಂಗಿದ್ದೆ, ತಿಳಿಯದೆ ನುಂಗಿದ್ದೆ ಎಂದು. ಹೋದ ಶುಕ್ರವಾರ ಬೇಡವೆಂದರೂ ಕೇಳದೆ ಶಹಾಪುರಕ್ಕೆ ಹೋಗಿ ಆ ಅಂಗಡಿಯಲ್ಲಿ ನಿಂತು ಒಪ್ಪಿಕೊಂಡು ಬಂದಿದ್ದಾರೆ. ಹುಡುಗರು ಕುರ್ಚಿ ಕೊಟ್ಟರಂತೆ, ಫೋನಿನಲ್ಲಿ ಚಿತ್ರ ತೆಗೆದುಕೊಂಡರಂತೆ. ಎಷ್ಟು ಮರ್ಯಾದೆ ಮಾಡಿದರು ಎಂದು ಖುಷಿಯಿಂದ ಹೇಳಿದರು. ಆ ಚಿತ್ರವನ್ನು ನಮ್ಮ ಓಣಿಯ ನಿಂಗರಾಜ ನನಗೆ ತೋರಿಸಿದ. ಅದರಲ್ಲಿ ಹಿಂದೆ ನಿಂತವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾರೆ.

ಅವರಿಗೆ ಈಗ ಚೆನ್ನಾಗಿ ನಿದ್ದೆ ಬರುತ್ತದೆ. ನನಗೆ ಬರುವುದಿಲ್ಲ. ಅವರು ತಪ್ಪು ಮಾಡಿದವರಲ್ಲ ಎಂಬುದು ಈಗ ನಿಮಗೆ ಗೊತ್ತು, ಇಮಾಮಬೀಗೆ ಗೊತ್ತು, ನನಗೆ ಗೊತ್ತು. ಅವರಿಗೆ ಹೇಳಿ ನಂಬಿಸುವವರು ಯಾರೂ ಉಳಿದಿಲ್ಲ. ನೀವೇ ಎದುರು ಬಂದು ಹೇಳಿದರೂ ಇನ್ನಷ್ಟು ನಿಮ್ಮನ್ನು ಮೆಚ್ಚುತ್ತಾರೆ, ಅಷ್ಟೇ. ಅದಕ್ಕೆ ನೀವು ಬರಬೇಡಿ.

ನಾನಾಗಿಯೇ ಈ ಕಾಗದ ಬರೆಯುತ್ತಿರಲಿಲ್ಲ. ಅವರು ದಿನಾ ಬೆಳಿಗ್ಗೆ, ಬರೆದೆಯಾ ಎಂದು ಕೇಳುತ್ತಾರೆ, ಅದಕ್ಕೆ ಬರೆದೆ. ಅವರು ಹೇಳಿ ಬರೆಸಿದ್ದು ಇಷ್ಟೇ: ಇಷ್ಟು ವರ್ಷ ನಿನ್ನ ಮಾತನ್ನು ನಂಬದೆ ನಿನ್ನನ್ನು ನೋಯಿಸಿದೆ, ನನ್ನನ್ನು ಮಾಫ್ ಮಾಡು.

ಅಮೃತಮ್ಮ